ಮೂರು ಗಂಟೆಯ ಬಿಸಿಲು

೩ ನವೆಂಬರ್, ಸೋಮವಾರ

ಇಂದಿನಿಂದ ನಾನು ಎಲ್‌ಕೆಜಿ ಮಾಸ್ತರ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ಐವತ್ತೆಂಟನೆಯ ವಯಸ್ಸಿಗೆ ಈ ಬಡ್ತಿ. ಮುಖ್ಯಾಧ್ಯಾಪಕ ಸಂಕರ್ಷಣ ಆದೇಶದ ಹಾಳೆಯನ್ನು ಎರಡೂ ಕೈಯಿಂದ ಕೊಟ್ಟ, ಮಠದಲ್ಲಿ ಮಂತ್ರಾಕ್ಷತೆ ಕೊಟ್ಟಂತೆ.

"ಸಣ್ಣ ಮಕ್ಕಳ ಟೀಚರ್ ಕೆಲಸ ಬಿಟ್ಟು ಹೋಗ್ಯಾರ. ಹೊಸಬ್ರು ಸಿಗೂತನಾ ನೀವು ನೋಡ್ಕೋರಿ ಧೀರೇಂದ್ರರಾಯರ. ನಿಮ್ಮಂಥ ಅನುಭವಸ್ಥರ ಅಲ್ಲಿ ಬೇಕು."

ಇದು ಯಾವುದರ ಸೇಡು ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಕಳೆದ ತಿಂಗಳು ಪಾಲಕರ ಸಭೆಯಲ್ಲಿ ಎದ್ದು ನಿಂತು, ಹತ್ತನೆಯ ತರಗತಿಯ ಕಿರುಪರೀಕ್ಷೆಯಲ್ಲಿ ಹನ್ನೆರಡು ತೆಗೆದವರಿಗೆ ಇಪ್ಪತ್ತೆರಡು ಬರೆದಿದ್ದಾರೆ ಎಂದು ನಾನು ಹೇಳಿದ್ದೆ. ಸುಳ್ಳು ನನಗೆ ಆಗುವುದಿಲ್ಲ. ಸಣ್ಣದಿರಲಿ, ದೊಡ್ಡದಿರಲಿ, ಎದ್ದು ನಿಂತು ಹೇಳಿಬಿಡುತ್ತೇನೆ. ಸಂಕರ್ಷಣ ಆವತ್ತು ನಕ್ಕು ಸುಮ್ಮನಾದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ ಅವನು.

ಒಟ್ಟು ಹತ್ತೊಂಬತ್ತು ಮಕ್ಕಳು. ಹನ್ನೊಂದು ಅತ್ತವು. ಅಫ್ತಾಬ ಎಂಬ ಮಹಾಶಯ ನನ್ನ ಮುಂಗೈ ಕಚ್ಚಿದ. ಯಾರೋ ಉಚ್ಚೆ ಹೊಯ್ದುಕೊಂಡರು. ಯಾರೆಂದು ನಾನು ಕಂಡುಹಿಡಿಯುವಷ್ಟರಲ್ಲಿ ಇನ್ನೂ ಮೂವರು ಬಂದು ಅದರಲ್ಲೇ ಕೂತಿದ್ದರು. ಇವನ್ನೆಲ್ಲ ಒರೆಸಿ ತೊಳೆಯಲು ಚಂದವ್ವ ಎಂಬ ಆಯಾ ಇದ್ದಾಳೆ. ಆಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನೀವs ಏನ್ರಿ?" ಅಂದಳು. ಹೌದು, ನಾನೇ.

ಸಂಜೆ ಮನೆಗೆ, ಮುದ್ದೇಬಿಹಾಳದವರೆಗೆ, ಬಸ್ಸಿನಲ್ಲಿ ನಿಂತೇ ಬಂದೆ. ನಾಳೆ ಅರ್ಜಿ ಬರೆಯಬೇಕು.

೪ ನವೆಂಬರ್, ಮಂಗಳವಾರ

ಹೈಸ್ಕೂಲಿಗೆ ಮರಳಿ ಕಳಿಸಬೇಕೆಂದು ಅರ್ಜಿ ಬರೆದೆ. ನಾಲ್ಕು ಪುಟ. ವಸುಧಾ ಓದಿ, "ಅಹೋ, ಎರಡು ಸಾಲಿನ್ಯಾಗ ಆಗೂದಕ್ಕ ನಾಕು ಪುಟ ಯಾಕ? ಉಳಿದದ್ದೆಲ್ಲಾ ಬೈಗುಳ ಅದಾವು" ಅಂದಳು. ಒಟ್ಟಿನಲ್ಲಿ ಹೆಂಡತಿಯೂ ಸಂಕರ್ಷಣನ ಪಕ್ಷ. ಒಂದು ಶಬ್ದವನ್ನೂ ತೆಗೆಯದೆ ಕೊಟ್ಟೆ.

೬ ನವೆಂಬರ್, ಗುರುವಾರ

ಈ ಊರಿನ ತಾಯಂದಿರ ಕಸುಬನ್ನು ಇಂದು ಬೆಳಿಗ್ಗೆ ಗೇಟಿನಲ್ಲಿ ನಿಂತು ಪೂರ್ತಿ ನೋಡಿದೆ. ಅಫ್ತಾಬನ ತಾಯಿ ಸುಗ್ರಾ, "ಅಲ್ಲಿ ನೋಡು, ಮಂಗ್ಯಾ" ಎನ್ನುತ್ತಾಳೆ. ಹುಡುಗ ಬೇವಿನ ಮರದ ಕಡೆ ತಿರುಗುತ್ತಾನೆ. ತಾಯಿ ಸೆರಗು ಬಿಗಿದು ಓಡುತ್ತಾಳೆ. ಮರದಲ್ಲಿ ಮಂಗವಿಲ್ಲ, ಹಿಂದೆ ತಾಯಿಯಿಲ್ಲ. ಇನ್ನೊಬ್ಬಳು ಬಿಸ್ಕೀಟು ತರುತ್ತೇನೆಂದು ಹೋದವಳು ಮಧ್ಯಾಹ್ನ ಮೂರಕ್ಕೆ ಬರಿಗೈಯಲ್ಲಿ ಬಂದಳು. ಒಬ್ಬ ಅಜ್ಜಿಯಂತೂ ತನ್ನ ಹಳೆಯ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬರಿಗಾಲಲ್ಲಿ ಮನೆಗೆ ಹೋಗುತ್ತಾಳೆ. ಚಪ್ಪಲಿ ಇದೆಯಲ್ಲ, ಅಜ್ಜಿಯೂ ಇಲ್ಲೇ ಎಲ್ಲೋ ಇದ್ದಾಳೆ ಎಂದು ಮೊಮ್ಮಗ ನಂಬಿಕೊಂಡು ಕೂಡಬೇಕು. ಚಂದವ್ವ ಬಾಗಿಲು ಹಾಕಿ ಒಂದೊಂದು ಹಿಡಿ ಚುರಮರಿ ಹಂಚುತ್ತಾಳೆ. ನಾಲ್ಕು ವರ್ಷದವರಿಗೆ ನಾವು ಕಲಿಸುವ ಮೊದಲ ಪಾಠ ಇದು, ಕಣ್ಣು ತಿರುಗಿಸಿದರೆ ನಿನ್ನವರು ಮಾಯ. ಆಮೇಲೆ ಮಗು ಕಚ್ಚುತ್ತದೆ ಎಂದು ದೂರು ಬೇರೆ.

ರಾಜಶ್ರೀ ಎಂಬ ಒಂದು ಹುಡುಗಿ ಮಾತ್ರ ಅಳುವುದಿಲ್ಲ. ಕೂಡುವುದೂ ಇಲ್ಲ, ಬಾಯಿ ಬಿಡುವುದೂ ಇಲ್ಲ. ಕಿಟಕಿಯ ಸರಳು ಹಿಡಿದು ಗೇಟನ್ನೇ ನೋಡುತ್ತ ನಿಲ್ಲುತ್ತಾಳೆ. ಬಿಸಿಯೂಟವನ್ನೂ ನಿಂತೇ ತಿನ್ನುತ್ತಾಳೆ, ಮೂರೋ ನಾಲ್ಕೋ ತುತ್ತು. ಚಂದವ್ವನನ್ನು ಕೇಳಿದೆ. "ಅವರವ್ವ ಗೋವಾಕ್ಕ ದುಡ್ಯಾಕ ಹೋಗ್ಯಾಳ್ರಿ. ಅಜ್ಜನ ಹಂತ್ಯಾಕ ಇರ್ತೈತಿ ಕೂಸು" ಎಂದು ಕಸಬರಿಗೆ ಎತ್ತಿಕೊಂಡು ಹೊರಗೆ ಹೋದಳು. ಮಾತು ಮುಗಿಯುವ ಮೊದಲೇ ಹೋಗುವುದು ಇಲ್ಲಿನವರ ಚಾಳಿ.

೧೦ ನವೆಂಬರ್, ಸೋಮವಾರ

ಇಂದು ಜಗಳವಾಯಿತು. ನಾನೇ ಮಾಡಿದೆ. ಬೆಳಿಗ್ಗೆ ಗೇಟಿಗೆ ಅಡ್ಡ ನಿಂತು, ಮಗುವಿನ ಮುಖ ನೋಡಿ ಹೇಳದೆ ಯಾರೂ ಹೋಗುವಂತಿಲ್ಲ ಎಂದೆ.

"ಹೇಳಿದ್ರ ಅಳ್ತಾನ್ರಿ ಸರ್ರ" ಅಂದಳು ಸುಗ್ರಾ.

"ಅಳಲಿ. ಹೇಳದಿದ್ರೂ ಅಳ್ತಾನ. ಹೇಳದs ಹೋದ್ರ ನಾಳಿಂದ ನಿನ್ನ ನಂಬೂದಿಲ್ಲ."

"ನೀವು ಹೈಸ್ಕೂಲ್ ಸರ್ರು. ನಿಮಗೇನ್ ಗೊತ್ತು ಕೂಸಿನ ಸುದ್ದಿ?"

ನನಗೇನು ಗೊತ್ತು ಎಂದು ಕೇಳುವಷ್ಟು ಧೈರ್ಯ. ಹತ್ತು ಹೆಂಗಸರು ಸೇರಿ ಹತ್ತು ಬಗೆಯಲ್ಲಿ ಬೈದರು. ನಾನು ಸರಿಯಲಿಲ್ಲ. ಕೊನೆಗೆ ಒಬ್ಬೊಬ್ಬರೇ ಕುಕ್ಕರಗಾಲಲ್ಲಿ ಕೂತು, "ನಾ ಮನಿಗೆ ಹೋಗ್ತೇನಪಾ, ಮೂರು ಹೊಡದ್ರ ಬರ್ತೇನಿ" ಎಂದು ಹೇಳಿ ಹೋದರು. ಫಲ: ಹನ್ನೊಂದರ ಬದಲು ಹದಿನಾರು ಮಕ್ಕಳು ಅತ್ತವು. ಸಂಕರ್ಷಣ ಬಂದು ಕಿವಿ ಮುಚ್ಚಿಕೊಂಡು ನಿಂತ. ಎಲ್ಲ ನಿಮ್ಮ ಆಶೀರ್ವಾದ ಎಂದೆ.

೧೧ ನವೆಂಬರ್, ಮಂಗಳವಾರ

ಮೂರು ಗಂಟೆ ಎಂದರೆ ಈ ಮಕ್ಕಳಿಗೆ ಏನೂ ಅಲ್ಲ. ಗಡಿಯಾರ ಓದಲು ಬಾರದವನಿಗೆ ಮೂರಕ್ಕೆ ಬರುತ್ತೇನೆ ಎನ್ನುವುದೂ ಬರುವುದಿಲ್ಲ ಎನ್ನುವುದೂ ಒಂದೇ. ಈ ಕೋಣೆಗೆ ಪಡುವಣ ಕಿಟಕಿ ಇದೆ. ನಿನ್ನೆ ಮೂರು ಗಂಟೆಗೆ ಬಿಸಿಲು ಎಲ್ಲಿತ್ತೆಂದು ಗುರುತಿಟ್ಟುಕೊಂಡಿದ್ದೆ. ಇಂದು ಅಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಉದ್ದನೆಯ ಗೆರೆ ಎಳೆದೆ.

"ಬಿಸಿಲು ಹಿಂಗ ತೆವಳಿಕೋತ ಬಂದು ಈ ಗೆರಿ ಮುಟ್ಟತದ. ಮುಟ್ಟಿದ ಕೂಡಲೇ ನಿಮ್ಮವ್ವ ಬರ್ತಾಳ. ಅದಕ್ಕಿಂತ ಮೊದಲ ಬರೂದಿಲ್ಲ. ಅತ್ರೂ ಬರೂದಿಲ್ಲ."

ತಾಯಂದಿರಿಗೆ ಬೆಳಿಗ್ಗೆಯೇ ತಾಕೀತು ಮಾಡಿದ್ದೆ: ಮೂರಕ್ಕೆ ಬಾಗಿಲಲ್ಲಿ ಇಲ್ಲದವರ ಹೆಸರನ್ನು ಹಲಗೆಯ ಮೇಲೆ ಬರೆಯುತ್ತೇನೆ ಎಂದು. ಬಂದರು. ಬಿಸಿಲು ಗೆರೆ ಮುಟ್ಟಿತು, ಬಾಗಿಲು ತೆರೆಯಿತು, ಸುಗ್ರಾ ನಿಂತಿದ್ದಳು. ಅಫ್ತಾಬ ತಾಯಿಯನ್ನು ನೋಡಿದ, ಗೆರೆಯನ್ನು ನೋಡಿದ, ಮತ್ತೆ ತಾಯಿಯನ್ನು ನೋಡಿದ. ಹತ್ತನೆಯ ತರಗತಿಯಲ್ಲಿ ಮೂವತ್ತೊಂದು ವರ್ಷ ಪ್ರಯೋಗ ಮಾಡಿ ತೋರಿಸಿದ್ದೇನೆ, ಇಂಥ ಮುಖ ಯಾರೂ ಮಾಡಿರಲಿಲ್ಲ. ಬರೆದಿಡಲು ಯೋಗ್ಯವಾದದ್ದೇನಲ್ಲ, ಆದರೂ ಬರೆದೆ.

ರಾಜಶ್ರೀ ಮಧ್ಯಾಹ್ನ ಕಿಟಕಿ ಬಿಟ್ಟು ಬಂದು ಗೆರೆಯ ಹತ್ತಿರ ನಿಂತಳು. ಗೆರೆಯತ್ತ ಬೆರಳು ತೋರಿಸಿ ನನ್ನ ಮುಖ ನೋಡಿದಳು. "ಹೌದು, ನಿಮ್ಮವ್ವನೂ ಬರ್ತಾಳ. ಕುಂದ್ರು" ಅಂದೆ. ಎಲ್ಲರಿಗೂ ಹೇಳಿದ್ದನ್ನೇ ಹೇಳಿದೆ. ಗೋವಾದಿಂದ ಎಂದಾದರೂ ಬರಲೇಬೇಕಲ್ಲ. ಕೂತಳು. ಈ ಕೋಣೆಯಲ್ಲಿ ಅವಳು ಕೂತದ್ದು ಮೊದಲ ಸಲವಂತೆ.

೧೪ ನವೆಂಬರ್, ಶುಕ್ರವಾರ

ಮಕ್ಕಳ ದಿನಾಚರಣೆ. ಸಂಕರ್ಷಣನಿಗೆ ನಮ್ಮ ಕೋಣೆಯಿಂದ ಒಂದು ಕುಣಿತ ಬೇಕಿತ್ತು. ಕುಣಿಸಲು ನಾನು ದೊಂಬರವನಲ್ಲ ಎಂದೆ. ಬೆಳಿಗ್ಗೆ ಅತ್ತವರು ಐವರು ಮಾತ್ರ. ರಾಜಶ್ರೀ ಗೆರೆಯ ಪಕ್ಕ ಕೂತು ಊಟ ಮಾಡಿದಳು, ಪೂರ್ತಿ. ಇದನ್ನು ಚಂದವ್ವನಿಗೆ ತೋರಿಸಿದೆ. ಆಕೆ ಸಂತೋಷಪಡಲಿಲ್ಲ. ಬೇರೆಯವರ ಕೆಲಸ ಚೆನ್ನಾದರೆ ಹೊಟ್ಟೆ ಉರಿಯುವುದು ಆಯಾಗಳಿಗೂ ತಪ್ಪಿದ್ದಲ್ಲ.

೨೦ ನವೆಂಬರ್, ಗುರುವಾರ

"ಗೆರಿ ತಪ್ಪೈತಿ."

ಯಾರು ಮಾತಾಡಿದರೆಂದು ಸುತ್ತ ನೋಡಿದೆ. ರಾಜಶ್ರೀ. ಗಂಟೆ ಹೊಡೆಯುವ ಮೊದಲೇ ಬಿಸಿಲು ಗೆರೆ ದಾಟಿತ್ತು. ದಾಟಲೇಬೇಕು, ಸೂರ್ಯ ದಕ್ಷಿಣಕ್ಕೆ ಸರಿಯುತ್ತಿದ್ದಾನೆ, ದಿನದಿನಕ್ಕೂ ಬಿಸಿಲು ಒಳಗೆ ಬರುತ್ತದೆ. ನಾನೇ ಮರೆತಿದ್ದೆ. ಮೂವತ್ತೊಂದು ವರ್ಷದಲ್ಲಿ ಹೈಸ್ಕೂಲಿನ ಒಬ್ಬನೂ ತಾನಾಗಿ ಇದನ್ನು ಗಮನಿಸಿದ್ದಿಲ್ಲ. ನಾಲ್ಕೂವರೆ ವರ್ಷದ ಕುರುಬರ ಹುಡುಗಿ ಬೆರಳಿಟ್ಟು ತೋರಿಸಿದಳು. ಹೊಸ ಗೆರೆ ಎಳೆದೆ. ಇನ್ನು ವಾರಕ್ಕೊಮ್ಮೆ ಎಳೆಯಬೇಕು, ಅದೂ ಒಂದು ಕೆಲಸ.

ಮೂರಕ್ಕೆ ಅವಳ ಅಜ್ಜ ಸೋಮನಿಂಗ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಮೈಗೆಲ್ಲ ಕುರಿಯ ವಾಸನೆ. ಹುಡುಗಿ ಅಜ್ಜನನ್ನು ನೋಡಲಿಲ್ಲ, ಅಜ್ಜನ ಹಿಂದೆ ಬಗ್ಗಿ ನೋಡಿದಳು. ದಿನಾಲೂ ಹಾಗೆ ನೋಡುತ್ತಾಳೆ. ಆ ತಾಯಿಗಾದರೂ ಒಮ್ಮೆ ಬಂದು ಮುಖ ತೋರಿಸಿ ಹೋಗಲು ಏನು ಧಾಡಿ.

೨೫ ನವೆಂಬರ್, ಮಂಗಳವಾರ

ಊಟದ ನಂತರ ಕೋಣೆಗೆ ಬಂದಾಗ ಗೆರೆ ಇರಲಿಲ್ಲ. ಅಂಗೈಗೆ ಉಗುಳು ಹಚ್ಚಿ ತಿಕ್ಕಿ ಅಳಿಸಿದ್ದಳು ರಾಜಶ್ರೀ. ಎರಡು ಮೊಳ ಈಚೆ, ಕಿಟಕಿಯ ಬುಡಕ್ಕೇ, ತಾನೊಂದು ಸೊಟ್ಟ ಗೆರೆ ಎಳೆದಿದ್ದಳು. ಬಿಸಿಲು ಆಗಲೇ ಅದರ ಮೇಲಿತ್ತು. ಬಾಗಿಲ ಕಡೆ ನೋಡುತ್ತ ನಿಂತಿದ್ದಳು.

ಗದರಿದೆ. ಅಳಿಸಿದ್ದೇಕೆ, ಯಾರು ಹೇಳಿದರು, ಗೆರೆ ನಿನ್ನದೋ ನನ್ನದೋ ಎಂದೆಲ್ಲ. ನನ್ನ ಗಂಟಲು ಹೈಸ್ಕೂಲಿನದು, ಸಣ್ಣದು ಮಾಡಲು ಬರುವುದಿಲ್ಲ. ಚಂದವ್ವ ನನ್ನ ತೋಳು ಹಿಡಿದು ಹೊರಗೆ ಎಳೆದಳು. ಹೌದು, ತೋಳನ್ನೇ ಹಿಡಿದಳು.

"ಬೈಬ್ಯಾಡ್ರಿ ಸರ್ರ. ಆಕಿ ಅವ್ವ ಇಲ್ರಿ. ದೀಪಾವಳ್ಯಾಗ ಸತ್ತಾಳ. ಗೋವಾದಾಗ ಜ್ವರ ಬಂತು, ನಾಕು ದಿನದಾಗ ಹೋದ್ಲು. ಇಲ್ಲೇ ತಂದು ಹೊಲದಾಗ ಮಣ್ಣು ಮಾಡಿದ್ರು. ಕೂಸಿನ್ನ ಬಾಗೇವಾಡ್ಯಾಗ ಅತ್ತಿ ಮನಿಗೆ ಕಳಿಸಿದ್ರು, ನೋಡಬಾರದು ಅಂತ. ಆಕಿಗೆ ಯಾರೂ ಹೇಳಿಲ್ರಿ."

"ನನಗ ಯಾಕ ಹೇಳಲಿಲ್ಲ?"

"ನಿಮಗ ಯಾರು ಏನು ಹೇಳ್ತಾರ್ರಿ? ನೀವು ಮಾತಾಡಿಸಿದ್ರ ಬೈತೀರಿ."

ಸಂಕರ್ಷಣನ ಕೋಣೆಗೆ ಹೋದೆ. ಅವನಿಗೂ ಗೊತ್ತಿತ್ತು. ಅಡಿಗೆಯವರಿಗೂ ಗೊತ್ತಿತ್ತು. ಸುಗ್ರಾಗೂ ಗೊತ್ತಿತ್ತು. ಇಡೀ ಊರು ಬಾಯಿಗೆ ಬಟ್ಟೆ ತುರುಕಿಕೊಂಡು ಕೂತಿದೆ. "ಅಷ್ಟು ಸಣ್ಣ ಕೂಸಿಗೆ ಹೆಂಗ ಹೇಳೂದ್ರಿ? ದೊಡ್ಡಾಕಿ ಆದಂಗ ತಾನs ತಿಳೀತದ" ಅಂದ. ಹನ್ನೆರಡಕ್ಕೆ ಇಪ್ಪತ್ತೆರಡು ಬರೆಯುವವನಿಂದ ಬೇರೆ ಏನು ಬರಬೇಕು.

ಎಲ್ಲರ ಮೇಲೂ ಸಿಟ್ಟು ಬಂದಿದೆ. ಎಷ್ಟು ಬರೆದರೂ ಇಳಿಯುತ್ತಿಲ್ಲ.

೨೬ ನವೆಂಬರ್, ಬುಧವಾರ

ಬಿಸಿಲು ಗೆರೆ ಮುಟ್ಟಿತು. ಅವಳು ಎದ್ದು ನಿಂತಳು. ನನಗೆ ನೋಡಲಾಗಲಿಲ್ಲ, ನೀರು ಕುಡಿಯುವ ನೆವದಿಂದ ಹೊರಗೆ ಹೋದೆ.

೨೮ ನವೆಂಬರ್, ಶುಕ್ರವಾರ

ಶಾಲೆ ಬಿಟ್ಟ ಮೇಲೆ ಸೋಮನಿಂಗನ ಕುರಿಹಟ್ಟಿಗೆ ಹೋದೆ. ಕಾಲುವೆಯ ಆಚೆ, ಒಂದೂವರೆ ಮೈಲು. ಪ್ಯಾಂಟಿನ ತುಂಬ ಮುಳ್ಳು. ಹುಡುಗಿ ದೂರದಲ್ಲಿ ಒಂದು ಮರಿಗೆ ಸೊಪ್ಪು ತಿನ್ನಿಸುತ್ತಿದ್ದಳು. ಅಜ್ಜ ಕಂಬಳಿ ಹಾಸಿ ಕೂಡಿಸಿದ. ನಾನು ಕೂತ ಮೇಲೂ ಬೈಯುವುದನ್ನು ನಿಲ್ಲಿಸಲಿಲ್ಲ. ಮಗುವಿಗೆ ಸುಳ್ಳು ಹೇಳಿ ದಿನಾ ಬಾಗಿಲು ಕಾಯಿಸುತ್ತೀರಲ್ಲ, ಇದಕ್ಕಿಂತ ಹೊಡೆಯುವುದು ಮೇಲು ಎಂದೆ.

ಆತ ಎಲ್ಲ ಕೇಳಿದ. ಆಮೇಲೆ ಅಂದ, "ಮಗನೂ ಅಲ್ಲೇ ಗೋವಾದಾಗ ಅದಾನ್ರಿ, ಬರವಲ್ಲ. ಈ ಕೂಸಿನ ಮಾರಿ ನೋಡಾಕ ಆಗೂದಿಲ್ಲ ಅಂತಾನ. ನಾ ಮುದುಕ. ಹೇಳಿದ್ರ ಕೂಸು ಎದಿ ಒಡಕೊಂಡ್ರ ಯಾರು ಹಿಡೀಬೇಕು? ನೀವು ಸಾಲಿ ಕಲಸ್ರಿ ಸರ್ರ. ಸಾವು ಕಲಸಬ್ಯಾಡ್ರಿ."

"ಸುಳ್ಳು ಹೇಳಿದ್ರ ಎದಿ ಉಳಿತೈತೇನು?"

"ನೀವೂ ಹೇಳೀರಂತಲ್ರಿ" ಅಂದ. ದನಿ ಏರಿಸಲಿಲ್ಲ. "ಬಿಸಲು ಗೆರಿ ಮುಟ್ಟಿದ್ರ ಅವ್ವ ಬರ್ತಾಳಂತ ಸರ್ರು ಹೇಳ್ಯಾರ ಅಂತ ದಿನಾ ಹೇಳ್ತಾಳ. ನಾವು ಯಾವಾಗ ಬರ್ತಾಳ ಅಂತ ಹೇಳಿದ್ದಿಲ್ಲ. ಗೋವಾದಾಗ ಅದಾಳ ಅಂದಿದ್ವಿ, ಅಷ್ಟ. ಹೊತ್ತು ಗೊತ್ತು ಮಾಡಿ ಕೊಟ್ಟವ್ರು ನೀವು."

ನನಗೆ ಗೊತ್ತಿರಲಿಲ್ಲ ಎಂದೆ. ಹೌದ್ರಿ, ನಿಮಗ ಗೊತ್ತಿರಲಿಲ್ಲ ಎಂದ. ಹಾಲು ಕಾಸಿ ಕೊಟ್ಟ. ಕುಡಿಯದೆ ಎದ್ದು ಬರಬೇಕೆಂದಿದ್ದೆ, ಕುಡಿದೆ.

ಮನೆಗೆ ಬಂದು ವಸುಧಾಳ ಎದುರು ಈ ಊರಿನ ಸುಳ್ಳುಬುರುಕರ ಬಗ್ಗೆ ಒಂದು ತಾಸು ಮಾತಾಡಿದೆ. ಆಕೆ ಅವರೆಕಾಯಿ ಸುಲಿಯುತ್ತ, "ನಿಮ್ಮ ಮಗಳು ಸುಮೇಧಾನ್ನ ಮೊದಲ ದಿನ ಸಾಲಿಗೆ ಬಿಟ್ಟಾಗ ಪೇಢಾ ತರ್ತೇನಿ ಅಂತ ಹೇಳಿ ಹಿತ್ತಲ ಬಾಗಿಲದಿಂದ ಓಡಿ ಬಂದಿದ್ರಿ" ಅಂದಳು. ನೆನಪಿಲ್ಲ ಎಂದೆ. ನೆನಪಿದೆ.

೩ ಡಿಸೆಂಬರ್, ಬುಧವಾರ

ರಾಜಶ್ರೀ ಈಗ ಹೊಡೆಯುತ್ತಾಳೆ. ಮೂರು ಗಂಟೆಗೆ ಯಾರ ತಾಯಿ ಮೊದಲು ಬರುತ್ತಾಳೋ ಆ ಮಗುವಿಗೆ ಪೆಟ್ಟು. ಸೋಮವಾರ ಅಫ್ತಾಬನ ಕೆನ್ನೆ ಪರಚಿದಳು. ಸುಗ್ರಾ ಸೆರಗಿನಿಂದ ಮಗನ ಕೆನ್ನೆ ಒರೆಸಿ ಎತ್ತಿಕೊಂಡು ಹೋದಳು, ಉಳಿದವರು ಮಾತ್ರ ಮುಖ್ಯಾಧ್ಯಾಪಕರ ಬಾಗಿಲು ತುಂಬಿದರು.

ಸಂಕರ್ಷಣ ಕರೆಸಿ ಕೂಡಿಸಿದ. ಕುರ್ಚಿ ತೋರಿಸಿದನೆಂದರೆ ಏನೋ ಇದೆ. "ಹನ್ನೊಂದನೇ ತಾರೀಖಿಗೆ ಸಾಹೇಬ್ರು ತಪಾಸಣೆಗೆ ಬರ್ತಾರ. ಆ ಕೂಸಿನ ಹೆಸರು ಸದ್ಯಕ್ಕ ತಗದು ಬಿಡೂಣು. ಮುಂದಿನ ವರ್ಷ ಬರ್ಲಿ. ಹಂ, ನಿಮ್ಮ ಅರ್ಜಿ ಮಂಜೂರ ಆಗೂ ಹಂಗ ಐತಿ. ಹದಿನೈದರಿಂದ ಹೊಸಾ ಟೀಚರ್ ಬರ್ತಾಳ, ನೀವು ಹತ್ತನೇ ಕ್ಲಾಸ್ ತಗೋರಿ."

ಒಂದು ಕೈಯಲ್ಲಿ ಬೆಲ್ಲ, ಇನ್ನೊಂದರಲ್ಲಿ ಕತ್ತರಿ. ಆ ಹುಡುಗಿಯ ಹೆಸರು ತೆಗೆದರೆ ನಾಲ್ಕು ಪುಟವಲ್ಲ, ನಲವತ್ತು ಪುಟ ಬರೆದು ಜಿಲ್ಲೆಗೆ ಕಳಿಸುತ್ತೇನೆ, ಹನ್ನೆರಡು ಇಪ್ಪತ್ತೆರಡಾದ ಲೆಕ್ಕವೂ ಅದರಲ್ಲಿ ಇರುತ್ತದೆ ಎಂದೆ. ಹೆಸರು ಉಳಿಯಿತು. ಹುಡುಗಿಯ ಮೇಲಿನ ಮಮತೆಯಿಂದ ಹೇಳಿದ್ದಲ್ಲ. ದಾಖಲಾತಿಗೆ ಒಂದು ನಿಯಮ ಇದೆ.

೮ ಡಿಸೆಂಬರ್, ಸೋಮವಾರ

ಊಟಕ್ಕೂ ಕೂಡದೆ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಾದರೆ ಆಗಲಿ.

ಮೂರು ಗಂಟೆಗೆ ತಾಯಂದಿರ ಗದ್ದಲದಲ್ಲಿ ರಾಜಶ್ರೀ ಕಾಣಲಿಲ್ಲ. ಸೋಮನಿಂಗ ಬಂದು ಬರಿಗೈಯಲ್ಲಿ ನಿಂತ. ಶೌಚಾಲಯ, ಅಡಿಗೆಕೋಣೆ, ಬಾವಿಕಟ್ಟೆ. ಬಾವಿಯೊಳಗೆ ಎರಡು ಸಲ ಇಣುಕಿ ನೋಡಿದೆ. ಚಂದವ್ವ ಕಾಲುವೆಯ ಕಡೆ ಓಡಿದಳು. ಸುಗ್ರಾ ಅಫ್ತಾಬನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಣಿ ಓಣಿ ತಿರುಗಿದಳು. ನಲವತ್ತು ನಿಮಿಷ.

ನಿಡಗುಂದಿ ರಸ್ತೆಯ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಚಹಾ ಅಂಗಡಿಯ ಮೋದಿನಸಾಬ ಕೈಹಿಡಿದು ಕೂಡಿಸಿಕೊಂಡಿದ್ದ. ಕಂಡ ಕಂಡ ಬಸ್ಸು ಹತ್ತಲು ಹೋಗುತ್ತಿದ್ದಳಂತೆ, ಗೋವಾದ್ದು ಯಾವುದು ಎಂದು ಕೇಳುತ್ತಿದ್ದಳಂತೆ. ಎಲ್ಲಿಗೆ ಹೊರಟಿದ್ದಿ ಎಂದು ಅಜ್ಜ ಕೇಳಿದ.

"ಅವ್ವಗ ಅಲ್ಲಿಂದ ಗೆರಿ ಕಾಣಂಗಿಲ್ಲ. ಹೋಗಿ ಕರ್ಕೊಂಡ ಬರ್ತೇನಿ."

ಸೋಮನಿಂಗ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟ. ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ನನ್ನ ಕಡೆ ನೋಡಿ, "ನಾಳಿ ಮುಂಜಾನೆ ಬರ್ತೇನ್ರಿ. ಹೇಳೂಣು" ಅಂದ.

೯ ಡಿಸೆಂಬರ್, ಮಂಗಳವಾರ

ಹೇಳಿದೆವು.

ಉಳಿದ ಮಕ್ಕಳನ್ನು ಚಂದವ್ವ ಬೇವಿನ ಮರದ ಕೆಳಗೆ ಕರೆದುಕೊಂಡು ಹೋದಳು. ಕೋಣೆಯಲ್ಲಿ ನಾವು ಮೂವರು. ಸೋಮನಿಂಗ ಮೊಮ್ಮಗಳನ್ನು ಎದುರಿಗೆ ಕೂಡಿಸಿಕೊಂಡು "ನಿಮ್ಮವ್ವ" ಎಂದ, ಮುಂದೆ ಬರಲಿಲ್ಲ. ಮತ್ತೆ "ನಿಮ್ಮವ್ವ" ಎಂದ. ಆಮೇಲೆ ನನ್ನನ್ನು ನೋಡಿದ. ಅವನಿಗೆ ಆಗುವುದಿಲ್ಲ ಎಂದು ತಿಳಿಯಿತು. ನಾನು ಪಾಠಕ್ಕೆ ಕೂಡುವಂತೆ ನೆಲದ ಮೇಲೆ ಕೂತೆ.

"ರಾಜಶ್ರೀ, ನಿಮ್ಮವ್ವಗ ಜ್ವರ ಬಂದಿತ್ತು. ಬಾಳ ಜ್ವರ. ಸತ್ತು ಹೋದ್ಲು. ಸತ್ತವರು ಬರೂದಿಲ್ಲ. ನಿನ್ನ ಮ್ಯಾಲೆ ಸಿಟ್ಟಾಗಿ ಹೋಗಿಲ್ಲ. ಆಕಿಗೆ ಬರಾಕ ಆಗೂದಿಲ್ಲ."

"ಬಿಸಲು ಬಂದಾಗ ಬರ್ತಾಳ."

"ಇಲ್ಲ. ಬಿಸಲು ಬಂದ್ರೂ ಬರೂದಿಲ್ಲ."

"ನೀವs ಹೇಳೀರಿ."

"ನಾನs ಹೇಳಿದ್ದೆ. ನನಗ ಗೊತ್ತಿರಲಾರದs ಹೇಳಿದೆ. ಅದು ಸುಳ್ಳು. ತಪ್ಪಾತು."

ಮೂರು ಸಲ ಅದನ್ನೇ ಕೇಳಿದಳು, ಮೂರು ಸಲ ಅದನ್ನೇ ಹೇಳಿದೆ. ಪ್ರತಿ ಸಲವೂ ಮೊದಲಿಗಿಂತ ಕಷ್ಟವಾಯಿತು. ಮೂರನೆಯ ಸಲದ ಮೇಲೆ ಹೊಡೆದಳು. ಎರಡೂ ಮುಷ್ಟಿಯಿಂದ ಎದೆಗೆ, ಮುಖಕ್ಕೆ. ಕನ್ನಡಕ ಬಿತ್ತು. ಹೊಡೆಸಿಕೊಂಡೆ. ಆಮೇಲೆ ಅತ್ತಳು. ಇಷ್ಟು ದಿನ ಎಲ್ಲಿ ಇಟ್ಟುಕೊಂಡಿದ್ದಳೋ, ಹೈಸ್ಕೂಲಿನ ಕಿಟಕಿಗಳಲ್ಲಿ ಮುಖಗಳು ಕಾಣಿಸಿಕೊಳ್ಳುವಷ್ಟು ಅತ್ತಳು. ಅಜ್ಜ ಕಂಬಳಿಯೊಳಗೆ ಎಳೆದುಕೊಂಡ. ಅವನೂ ಅಳುತ್ತಿದ್ದ. ಅವ್ವ ಎಲ್ಲಿ ಅದಾಳ ಎಂದು ಕಂಬಳಿಯೊಳಗಿನಿಂದಲೇ ಕೇಳಿದಳು. ತೋರಿಸ್ತೇನೆ ಬಾ ಎಂದು ಎತ್ತಿಕೊಂಡು ಹೊಲದ ಕಡೆ ಹೋದ.

ಗೆರೆ ಅಳಿಸೋಣ ಎಂದುಕೊಂಡೆ. ಉಳಿದ ಹದಿನೆಂಟು ಮಕ್ಕಳಿಗೆ ಅದು ನಿಜವೇ ಆಗಿತ್ತು. ಹಾಗೇ ಬಿಟ್ಟೆ.

೧೧ ಡಿಸೆಂಬರ್, ಗುರುವಾರ

ತಪಾಸಣೆಯ ಸಾಹೇಬರು ಬಂದಾಗ ರಾಜಶ್ರೀ ಚಂದವ್ವನ ತೊಡೆಯ ಮೇಲೆ ಬೋರಲು ಬಿದ್ದು ಅಳುತ್ತಿದ್ದಳು. ಅಫ್ತಾಬ ಅವಳ ಕಾಲ ಬಳಿ ಕೂತು ಚುರಮರಿ ಒಂದೊಂದೇ ಎಣಿಸಿ ಇಡುತ್ತಿದ್ದ.

"ಮಗುವನ್ನು ಸುಮ್ಮನಿರಿಸಿ" ಅಂದರು ಸಾಹೇಬರು.

"ಅಳಲಿ ಬಿಡ್ರಿ. ಅವರವ್ವ ಸತ್ತಾಳ. ಮೊನ್ನೆ ಗೊತ್ತಾಗೈತಿ."

ಅವರು ಸಂಕರ್ಷಣನ ಮುಖ ನೋಡಿದರು, ಸಂಕರ್ಷಣ ಛಾವಣಿ ನೋಡಿದ. ಅಕ್ಷರಮಾಲೆ ಯಾರೂ ಹೇಳಲಿಲ್ಲ. ವರದಿಯಲ್ಲಿ "ತರಗತಿಯಲ್ಲಿ ಶಿಸ್ತಿನ ಕೊರತೆ" ಎಂದು ಬರೆದು ಸಹಿ ಹಾಕಿದರು. ನಾನೂ ಸಹಿ ಹಾಕಿ, ಕೆಳಗೆ "ಒಪ್ಪಿಗೆಯಿಲ್ಲ" ಎಂದು ಸೇರಿಸಿದೆ.

೧೩ ಡಿಸೆಂಬರ್, ಶನಿವಾರ

ಬೆಳಗಿನ ಶಾಲೆ. ಹತ್ತು ಗಂಟೆಗೆ ಆದೇಶ ಕೈಗೆ ಬಂತು: ಸೋಮವಾರದಿಂದ ಹತ್ತನೆಯ ತರಗತಿ, ವಿಜ್ಞಾನ. ಜೇಬಿನಲ್ಲಿ ಇಟ್ಟುಕೊಂಡೆ. ಸಂಕರ್ಷಣ ಹೇಳಿದ, "ಮಕ್ಕಳಿಗೆ ಏನೂ ಹೇಳಾಕ ಹೋಗಬ್ಯಾಡ್ರಿ ರಾಯರ. ಸುಮ್ಮನ ಸೋಮವಾರ ಆ ಕಡೆ ಹೋಗಿಬಿಡ್ರಿ. ಎರಡು ದಿನಕ್ಕ ಮರೀತಾವು."

ಮಕ್ಕಳು ಹೊರಡುವ ಹೊತ್ತಿಗೆ ರಾಜಶ್ರೀ ನನ್ನ ಮುಂದೆ ಬಂದು ನಿಂತಳು. ಮಂಗಳವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದಳು.

"ನೀವು ನಾಳಿ ಬರ್ತೀರಿ?"

ಬರ್ತೇನಿ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಏನೂ ಯೋಚಿಸದೆ ಬಾಯಿಗೆ ಬರುವ ಮಾತು ಅದು. ನುಂಗಿಕೊಂಡೆ. "ಇಲ್ಲೇ ನಿಂದ್ರು. ಕೇಳಿಕೊಂಡು ಬಂದು ಹೇಳ್ತೇನಿ" ಎಂದು ಅವಳ ಮುಖ ನೋಡಿಯೇ ಹೇಳಿ, ಸಂಕರ್ಷಣನ ಕೋಣೆಗೆ ಹೋಗಿ ಆದೇಶವನ್ನು ಮೇಜಿನ ಮೇಲೆ ಇಟ್ಟೆ. ಈ ವರ್ಷ ಮುಗಿಯುವವರೆಗೆ ನಾನು ಅಲ್ಲೇ ಇರುತ್ತೇನೆ, ಹೊಸ ಟೀಚರ್ ಬಂದರೆ ನನ್ನ ಜೊತೆಗೆ ಕಲಿಸಲಿ ಎಂದೆ.

"ನೀವs ಅಲ್ಲೇನ್ರಿ ನಾಕು ಪುಟದ ಅರ್ಜಿ ಕೊಟ್ಟವ್ರು?"

"ಹರದು ಒಲಿಗೆ ಹಾಕ್ರಿ."

ಅವನು ಆದೇಶವನ್ನು ಮರಳಿ ಖಾನೆಗೆ ಹಾಕಿಕೊಂಡು, ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದ. ನೋಡಲಿ. ಇದರಲ್ಲಿ ಬೇರೆ ಏನೂ ಇಲ್ಲ. ಅವನು ಹೇಳಿದಂತೆ ಕೇಳಬಾರದು, ಅಷ್ಟೇ. ಹೊಸಬಳಿಗೆ ಬಿಸಿಲಿನ ಗೆರೆ ಎಳೆಯಲೂ ಬರಲಿಕ್ಕಿಲ್ಲ.

ಮರಳಿ ಬಂದು ಅವಳ ಎದುರು ಕುಕ್ಕರಗಾಲಲ್ಲಿ ಕೂತೆ. ಮೊಣಕಾಲು ನೋಯಿತು. "ನಾಳಿ ಐತವಾರ. ಬರೂದಿಲ್ಲ. ಸೋಮವಾರ ಬರ್ತೇನಿ, ಗಂಟಿ ಹೊಡಿಯೂದ್ರಾಗ."

ಬೆರಳು ಮಡಚಿ ಎರಡು ದಿನ ಎಣಿಸಿಕೊಂಡಳು. ಅಜ್ಜನ ಜೊತೆ ಹೋದಳು.

೧೫ ಡಿಸೆಂಬರ್, ಸೋಮವಾರ

ಒಂದು ಬಸ್ಸು ಮುಂಚೆಯೇ ಹೊರಟೆ. ಆ ಬಸ್ಸೇ ಕೆಟ್ಟಿತು. ಊರು ಇನ್ನೂ ಎರಡೂವರೆ ಮೈಲು ಇರುವಾಗ ಮುಂದಿನ ಗಾಲಿಯಿಂದ ಹೊಗೆ ಬಂತು. ಬೇರೆ ಬಸ್ಸು ಬರುತ್ತದೆ ಕೂಡ್ರಿ ಎಂದ ಕಂಡಕ್ಟರ್. ಯಾವಾಗ ಎಂದರೆ ಈಗ ಬರುತ್ತದೆ ಎಂದ. ಅವನಿಗೆ ನಾಲ್ಕು ಮಾತು ಬೈದು ಇಳಿದು ನಡೆದೆ. ಅರ್ಧ ದಾರಿ ಓಡಿದೆ ಎಂದು ಬರೆದರೂ ತಪ್ಪಿಲ್ಲ. ಈ ವಯಸ್ಸಿಗೆ, ಈ ಹೊಟ್ಟೆ ಹೊತ್ತು. ಬೈಕಿನವರು ಇಬ್ಬರು ನಿಲ್ಲಿಸದೆ ಹೋದರು. ಹತ್ತನೆಯ ತರಗತಿಯಲ್ಲಿ ನನ್ನಿಂದ ಏಟು ತಿಂದವರು ಇರಬೇಕು.

ಗಂಟೆ ಹೊಡೆದು ಇಪ್ಪತ್ತು ನಿಮಿಷವಾಗಿತ್ತು. ಎಲ್ಲ ಮಕ್ಕಳೂ ಒಳಗಿದ್ದರು. ರಾಜಶ್ರೀ ಗೇಟಿನ ಸರಳು ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಚಂದವ್ವ ನೆಲದ ಮೇಲೆ ಕೂತಿದ್ದಳು. "ಒಳಗ ಕರದ್ರ ಬರವಲ್ಲಾಗ್ಯಾಳ್ರಿ" ಎಂದು ನನ್ನನ್ನು ನುಂಗುವ ಹಾಗೆ ನೋಡಿದಳು.

"ಗಂಟಿ ಹೊಡಿಯೂದ್ರಾಗ ಬರ್ತೇನಿ ಅಂದಿದ್ರಿ" ಅಂದಳು ರಾಜಶ್ರೀ.

"ಅಂದಿದ್ದೆ. ತಡಾ ಆತು. ಬಸ್ ಕೆಟ್ಟಿತು."

"ಸುಳ್ಳೇನು?"

"ಸುಳ್ಳಲ್ಲ. ನಡಕೊಂತ ಬಂದೆ."

ಅವಳು ಕೆಳಗೆ ಕೂತು ನನ್ನ ಬೂಟು ನೋಡಿದಳು. ಬೆರಳಿನಿಂದ ಧೂಳು ಮುಟ್ಟಿ ನೋಡಿದಳು, ಪ್ಯಾಂಟಿನ ಅಂಚಿಗೆ ಹತ್ತಿದ ಮುಳ್ಳೊಂದನ್ನು ಕಿತ್ತು ನೋಡಿದಳು. ಇನ್ನೊಂದು ಬೂಟನ್ನೂ ಮುಂದೆ ಚಾಚಿದೆ. ಮೂವತ್ತೊಂದು ವರ್ಷದಲ್ಲಿ ಎಷ್ಟೋ ತಪಾಸಣೆ ಆಗಿವೆ, ಯಾವುದಕ್ಕೂ ಹೀಗೆ ಹೆದರಿದ್ದಿಲ್ಲ.

"ಖರೆ ಐತಿ" ಎಂದು ಚಂದವ್ವನಿಗೆ ಹೇಳಿ, ನನ್ನನ್ನು ಅಲ್ಲೇ ಬಿಟ್ಟು ಒಳಗೆ ಓಡಿದಳು.